ತೋಟಗಾರನ ಧರ್ಮ

ಬೆಳೆಯನ್ನು ಕಾಯುವುದಕ್ಕಾಗಿ ಕೀಟವನ್ನು ಕೊಲ್ಲುವುದು ಧರ್ಮವೇ, ಅಧರ್ಮವೇ? ಈ ಪ್ರಶ್ನೆಯನ್ನು ಶಾಸ್ತ್ರಗಳಲ್ಲಿ ಅರಸುವ ಮುನ್ನ ನಮ್ಮ ಕಾಸರಗೋಡಿನ ತೋಟದಲ್ಲಿಟ್ಟು ನೋಡೋಣ.

ಕರಿಮೆಣಸು ಅರೆನೆರಳಿನ ಬಳ್ಳಿ. ಸುಡುಬಿಸಿಲಿಗೆ ಎಳೆಯ ಬಳ್ಳಿ ಬಾಡುವುದರಿಂದ ಅದನ್ನು ಅಡಕೆ, ಹಾಲುವಾಣಗಳ ಆಸರೆಯಲ್ಲಿ ಹಬ್ಬಿಸುತ್ತಾರೆ. ಆದರೆ ನೆರಳು ಮಿತಿಮೀರಿದಲ್ಲಿ ಪೊಳ್ಳು ದುಂಬಿಯ ಬಾಧೆಯೂ ಹೆಚ್ಚುತ್ತದೆ. ಅದರ ಮರಿಹುಳು ಕಾಳನ್ನು ಕೊರೆದು ತಿರುಳನ್ನು ತಿನ್ನುತ್ತದೆ. ಹೊರಗೆ ಕಾಳು, ಒಳಗೆ ಬರಿದು. ಬಲ್ಲ ಕೃಷಿಕನು ಮೊದಲು ಕೈಗೆತ್ತಿಕೊಳ್ಳುವುದು ವಿಷವನ್ನಲ್ಲ, ಕತ್ತಿಯನ್ನು. ಮಳೆಗಾಲದ ಆರಂಭದಲ್ಲಿ ಆಸರೆಮರದ ಕೊಂಬೆಗಳನ್ನು ಸವರಿ ಬೆಳಕನ್ನು ಒಳಗೆ ಬಿಡುತ್ತಾನೆ. ಹುಳುವಿಗೆ ಅನುಕೂಲ ಒದಗಿಸಿದ್ದು ತನ್ನ ತೋಟವೇ ಎಂಬ ಅರಿವು ಇದರಲ್ಲಿದೆ.

ಇದೇ ಜಿಲ್ಲೆ ಇನ್ನೊಂದು ಮಾರ್ಗವನ್ನೂ ಕಂಡಿದೆ. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯನ್ನು ನೀಗಲು 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಾಳಿಗೆ ಬೇಲಿಯಿಲ್ಲ, ವಿಷವು ಬಾವಿಗೂ ಅಂಗಳಕ್ಕೂ ಇಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆಜ್ಞಾಪಿಸಿತು. ಹುಳುವಿನೊಡನೆ ಯಾವ ವೈರವೂ ಇಲ್ಲದ ಮಕ್ಕಳ ಬಾಳಿಗೆ ಇದು ಸಮನಾದೀತೆ?

ಕೊಲ್ಲಲೇಬಾರದೆಂದರೆ ಕೃಷಿಯಿಲ್ಲ, ಉಣ್ಣುವವನೂ ಆ ವಧೆಯಲ್ಲಿ ಪಾಲುಗಾರನೇ. ಆದುದರಿಂದ ಧರ್ಮವಿರುವುದು ಮಿತಿಯಲ್ಲಿ. ತೋಟಗಾರನು ಮೊದಲು ತನ್ನ ನೆರಳನ್ನು ತಿದ್ದಲಿ. ಬಳಿಕ ಕೈಯೆತ್ತಿದರೂ ಹೊಡೆತವು ಬೇಲಿಯೊಳಗೆ, ತನ್ನ ಕಣ್ಣೆದುರಿಗೆ ಬೀಳಲಿ. ತನ್ನ ಲಾಭದ ಬೆಲೆಯನ್ನು ನೆರೆಮನೆಯ ಮಗುವಿನಿಂದ ತೆರಿಸುವ ಹಕ್ಕು ಯಾರಿಗೂ ಇಲ್ಲ.