ಪಟ್ಟಿ ಬಾರದ ಮನೆಗಳು

ನಮ್ಮೂರ ಚಾವಡಿಯ ಮೇಲೊಂದು ಗಡಿಯಾರವಿದೆ. ಸ್ವಾತಂತ್ರ್ಯಕ್ಕೂ ಮುಂಚಿನದು. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಮೇಲಿಂದ ಇಳಿಬಿಟ್ಟ ಕಬ್ಬಿಣದ ಗುಂಡು ನಿಧಾನಕ್ಕೆ ಕೆಳಗಿಳಿಯುತ್ತಾ ಚಕ್ರಗಳನ್ನು ತಿರುಗಿಸುತ್ತದೆ, ಲೋಲಕ ಅದರ ವೇಗವನ್ನು ಹಿಡಿತದಲ್ಲಿಡುತ್ತದೆ. ವಾರಕ್ಕೊಮ್ಮೆ ಯಾರಾದರೂ ಮೆಟ್ಟಿಲು ಹತ್ತಿ ಕೀಲಿ ಕೊಟ್ಟು ಗುಂಡನ್ನು ಮತ್ತೆ ಮೇಲಕ್ಕೆತ್ತಬೇಕು. ಕೀಲಿ ಕೊಡುತ್ತಿದ್ದವರು ತೀರಿಕೊಂಡರು, ಹಲ್ಲುಚಕ್ರ ಸವೆಯಿತು. ನಾನು ಬಿಇ ಸೇರುವ ಹೊತ್ತಿಗೆ ಅದು ನಾಲ್ಕು ಇಪ್ಪತ್ತಕ್ಕೆ ನಿಂತುಬಿಟ್ಟಿತ್ತು.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅದನ್ನು ರಿಪೇರಿ ಮಾಡಿಸೋಣ ಅಂತ ಮಾತು ಬಂತು. ಮೈಸೂರಿಂದ ಮೆಕ್ಯಾನಿಕ್ ಒಬ್ಬರು ಬಂದು ನೋಡಿ 1,80,000 ರೂಪಾಯಿ ಆಗುತ್ತೆ ಅಂದರು. ನನಗೆ ಅದೊಂದು ದೊಡ್ಡ ಸಮಸ್ಯೆ ಅನ್ನಿಸಲೇ ಇಲ್ಲ. ಬೆಂಗಳೂರಲ್ಲಿರುವ ನಮ್ಮೂರ ಐದು ಜನ ಒಂದು ಸಂಜೆ ಯುಪಿಐ ಮಾಡಿದರೆ ಮುಗೀತು. ಹಾಗಂತ ಹೇಳಿದೆ ಕೂಡ. ದೊಡ್ಡಪ್ಪ ಒಪ್ಪಲಿಲ್ಲ.

"ನೀವು ಐದು ಜನ ದುಡ್ಡು ಹಾಕಿದ್ರೆ ಗಡಿಯಾರ ನಿಮ್ದಾಗುತ್ತೆ ಕಣೋ. ಆಮೇಲೆ ವಾರವಾರ ಕೀಲಿ ಕೊಡೋಕೂ ನೀವೇ ಬರ್ಬೇಕು. ಪಟ್ಟಿ ಎತ್ತು."

ಹಳ್ಳಿಯಲ್ಲಿ ಬೆಳೆದವರಿಗೆ ಪಟ್ಟಿ ಎತ್ತೋದು ಅಂದರೆ ವಿವರಿಸಬೇಕಿಲ್ಲ. ಜಾತ್ರೆಗೆ, ನಾಟಕಕ್ಕೆ, ಗುಡಿಯ ಸುಣ್ಣಬಣ್ಣಕ್ಕೆ ಮನೆಮನೆಗೆ ಹೋಗಿ ವಂತಿಗೆ ಬರೆಸಿಕೊಳ್ಳೋದು. ನಾನು ಸಾಫ್ಟ್‌ವೇರಿನವನಲ್ಲವೇ, ಎಕ್ಸೆಲ್ ಶೀಟ್ ಮಾಡಿದೆ. ಸುಮಾರು 300 ಮನೆ. ಅದರಲ್ಲಿ ಊರಾಚೆಯ ಕೇರಿಯ 38 ಮನೆಗಳನ್ನು ತೆಗೆದುಬಿಟ್ಟೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಕೂಲಿ ಮಾಡಿ ಬದುಕುವವರ ಹತ್ತಿರ ಗಡಿಯಾರಕ್ಕೆ ದುಡ್ಡು ಕೇಳೋದಾ ಅಂತ ನನಗೇ ಅನ್ನಿಸಿತು. ನಿಜ ಹೇಳಬೇಕೆಂದರೆ, ಒಂದು ಒಳ್ಳೇ ಕೆಲಸ ಮಾಡಿದೆ ಅಂತಲೂ ಅನ್ನಿಸಿತು.

ಎರಡು ವಾರ ಬಿಟ್ಟು ಊರಿಗೆ ಹೋದಾಗ ಬಸ್‌ಸ್ಟಾಪಿನಲ್ಲಿ ಆ ಕೇರಿಯ ತಾತ ಒಬ್ಬರು ಸಿಕ್ಕರು. ನಮ್ಮ ಗದ್ದೆಯಲ್ಲಿ ವರ್ಷಗಟ್ಟಲೆ ದುಡಿದವರು. ನಮ್ಮಜ್ಜನನ್ನು 'ಬುದ್ಧಿ' ಅನ್ನುತ್ತಿದ್ದರು, ನನ್ನನ್ನು 'ಅಪ್ಪಾ' ಅನ್ನುತ್ತಾರೆ. ಅಷ್ಟಾದರೂ ಬದಲಾಗಿದೆ.

"ನಮ್ಮ ಕಡೆಗೆ ಪಟ್ಟಿ ಬರ್ಲಿಲ್ವಲ್ಲಪ್ಪಾ?"

"ನಿಮಗ್ಯಾಕೆ ತೊಂದ್ರೆ ಕೊಡೋದು ಅಂತ, ತಾತ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಾವಡಿ ಮೆಟ್ಲು ಹತ್ತೋ ಹಂಗಿರ್ಲಿಲ್ಲ ನಾವು. ಗಂಟೆ ಮಾತ್ರ ನಮ್ಮ ಕೇರಿಗೂ ಕೇಳೋದು. ಅದು ಏಳು ಹೊಡೆಯೋದ್ರೊಳಗೆ ನಿಮ್ಮ ಗದ್ದೇಲಿರ್ಬೇಕಿತ್ತು. ಜಾತ್ರೆ ಪಟ್ಟೀಗೂ ನಮ್ಮ ಮನೆ ಬಿಟ್ಟೇ ಹೋಗೋರು. ಆಗ ಮೈಲಿಗೆ ಅಂತಿದ್ರು, ಈಗ ನೀನು ಪಾಪ ಅಂತೀಯ. ಮನೆ ಬಿಟ್ಟು ಹೋಗೋದು ಮಾತ್ರ ತಪ್ಪಲಿಲ್ಲ ನೋಡು."

ಅಷ್ಟರಲ್ಲಿ ಬಸ್ಸು ಬಂತು, ಅವರು ಹತ್ತಿ ಹೋದರು. ನಾನು ಅಲ್ಲೇ ನಿಂತಿದ್ದೆ.

ಅವತ್ತಿಂದ ಇದನ್ನೇ ಯೋಚಿಸ್ತಿದೀನಿ. ಕೊಡುವುದು ದೊಡ್ಡ ಗುಣ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಇನ್ನೊಬ್ಬರನ್ನು 'ಕೊಡಿ' ಅಂತ ಕೇಳುವುದರಲ್ಲೂ ಒಂದು ಮರ್ಯಾದೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕೇಳುವುದು ಅಂದರೆ, ಇದು ನಿಮ್ಮದೂ ಹೌದು ಅಂತ ಒಪ್ಪಿಕೊಂಡಂತೆ. ಕರುಣೆಯಿಂದಲೇ ಆಗಲಿ, ಕೇಳದೆ ಬಿಟ್ಟರೆ ಅವರ ಪರವಾಗಿ ನಾವೇ ಉತ್ತರ ಕೊಟ್ಟುಬಿಟ್ಟಂತೆ. ನಾನು ಅಳಿಸಿದ್ದು ಅವರ ಮೇಲಿನ ಭಾರವನ್ನಲ್ಲ, ಅವರ ಪಾಲನ್ನು.

ಹಾಗಂತ ಎಲ್ಲರನ್ನೂ ಕೇಳಿಬಿಟ್ಟರೆ ಸರಿಹೋಯಿತಾ? ಅದೂ ಅಷ್ಟು ಸುಲಭವಲ್ಲ. ಮೈಸೂರಿನ ದೊಡ್ಡ ಗಡಿಯಾರದ ಮುಂದೆ ನೀವೂ ಫೋಟೋ ತೆಗೆಸಿಕೊಂಡಿರಬಹುದು. 75 ಅಡಿ ಎತ್ತರ, ಕನ್ನಡ ಅಂಕಿಗಳು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅರಮನೆಯ ನೌಕರರು ತಾವೇ ಹಣ ಸೇರಿಸಿ ಕಟ್ಟಿಸಿದ್ದು. ಮೊದಲೆಲ್ಲ ಇದನ್ನು ಕೇಳಿದರೆ ಎಂಥಾ ಅಭಿಮಾನ ಅನ್ನಿಸುತ್ತಿತ್ತು. ಈಗ ಜೊತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತೆ. ಆ ನೌಕರರಲ್ಲಿ ಯಾರಿಗಾದರೂ ಕೊಡಲು ಮನಸ್ಸಿಲ್ಲದಿದ್ದರೆ 'ನನ್ನಿಂದಾಗಲ್ಲ' ಅನ್ನೋಕೆ ಸಾಧ್ಯವಿತ್ತಾ? ಅಷ್ಟು ಹಿಂದಕ್ಕೇಕೆ, ಮ್ಯಾನೇಜರ್ ಬೀಳ್ಕೊಡುಗೆಗೆ ಅಂತ ಕವರ್ ನಿಮ್ಮ ಟೇಬಲ್ಲಿಗೆ ಬಂದಾಗ ನೀವು ಬೇಡ ಅಂದಿದ್ದೀರಾ? ನಾನಂತೂ ಅಂದಿಲ್ಲ. ಹಳ್ಳಿಯಲ್ಲಿ ಇದು ಇನ್ನೂ ಕಷ್ಟ. ನಾಳೆ ಕೂಲಿಗೆ ಕರೆಯಬೇಕಾದವನೇ ಇವತ್ತು ರಸೀದಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರೆ, ಅದು ಕೇಳಿದಂತಲ್ಲ, ವಸೂಲಿ.

ಕೇಳದಿದ್ದರೆ ಅವಮಾನ, ಬೇಡ ಅನ್ನಲಾಗದಂತೆ ಕೇಳಿದರೆ ದಬ್ಬಾಳಿಕೆ. ಹಾಗಾದರೆ ಹೇಗೆ ಕೇಳಬೇಕು? ನನಗೆ ಹೊಳೆದ ಉತ್ತರ ಸಣ್ಣದು. ಎಲ್ಲರನ್ನೂ ಕೇಳಬೇಕು, ಆದರೆ 'ಆಗಲ್ಲ' ಅನ್ನೋಕೆ ದಾರಿ ಬಿಟ್ಟು ಕೇಳಬೇಕು. ಎಷ್ಟು ಕೊಟ್ಟರು ಅನ್ನೋದು ಊರಿಗೆಲ್ಲ ಕಾಣಬಾರದು.

ಸಮಿತಿಯಲ್ಲಿ ಇದನ್ನು ಹೇಳಿದೆ. ಚಾವಡಿ ಗೋಡೆಯ ಮೇಲೆ ಮನೆಗಳ ಹೆಸರನ್ನು ಅಕ್ಷರಮಾಲೆಯ ಕ್ರಮದಲ್ಲಿ ಬರೆಸೋದು, ಮೊತ್ತ ಬರೆಯೋದು ಬೇಡ ಅಂತ ಕೊನೆಗೆ ತೀರ್ಮಾನವಾಯಿತು. ತಮ್ಮ ತಂದೆಯ ಹೆಸರಿನ ಕಲ್ಲು ಹಾಕಿಸಿದರೆ 25,000 ಕೊಡ್ತೀನಿ ಅಂದಿದ್ದ ಯಜಮಾನರು ಹಿಂದೆ ಸರಿದರು. ದೊಡ್ಡಪ್ಪನಿಗೆ ಬೇಜಾರಾಯಿತು, ನನಗೂ ಆಯಿತು. 25,000 ಸಣ್ಣ ಮೊತ್ತವೇನಲ್ಲ.

ಮುಂದಿನ ಭಾನುವಾರ ಕೇರಿಗೆ ಹೋದೆ. ತಾತನೇ ಮುಂದೆ ನಡೆದರು. ಮನೆಗೊಂದು ಖಾಲಿ ಕವರ್ ಕೊಟ್ಟು, ಸಂಜೆ ಡಬ್ಬಿಗೆ ಹಾಕಿ, ಖಾಲಿ ಹಾಕಿದರೂ ಪರವಾಗಿಲ್ಲ, ಹೆಸರು ಇರುತ್ತೆ ಅಂದೆ. ಮೂರು ಮನೆಯಲ್ಲಿ ಕಾಫಿ ಕುಡಿದೆ. ಹುಟ್ಟಿ ಬೆಳೆದ ಊರಲ್ಲಿ, ಮೂವತ್ತು ದಾಟಿದ ಮೇಲೆ, ಆ ಬೀದಿಯಲ್ಲಿ ನಾನು ಕುಡಿದ ಮೊದಲ ಕಾಫಿ ಅದು. ಒಬ್ಬಾಕೆ ಮಾತ್ರ ಕವರ್ ಮುಟ್ಟಲಿಲ್ಲ. "ಆ ಗಂಟೆ ಸದ್ದು ಮತ್ತೆ ಕೇಳೋದು ನಂಗೆ ಬೇಡಪ್ಪಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಿ ಅಮ್ಮ ಅಂತ ಮುಂದೆ ಹೋದೆ. ಅವರನ್ನು ಕೇಳದೆ ಹೋಗಿದ್ದರೆ, ಬೇಡ ಅನ್ನುವ ಹಕ್ಕೂ ಅವರಿಗೆ ಸಿಗುತ್ತಿರಲಿಲ್ಲ.

ಸಂಜೆ ಡಬ್ಬಿ ತೆರೆದಾಗ 37 ಕವರ್ ಇದ್ದವು. ಎಷ್ಟು ಬಂತು ಅಂತ ಇಲ್ಲಿ ಬರೆಯಲ್ಲ, ಹಾಗಂತ ಮಾತು ಕೊಟ್ಟಿದ್ದೇವೆ. ಒಟ್ಟು ಲೆಕ್ಕದಲ್ಲಿ ಇನ್ನೂ 40,000 ಕಡಿಮೆ ಇದೆ. ಹಲ್ಲುಚಕ್ರ ಮೈಸೂರಿನ ವರ್ಕ್‌ಶಾಪಿನಲ್ಲಿದೆ, ಗಡಿಯಾರ ಇನ್ನೂ ನಾಲ್ಕು ಇಪ್ಪತ್ತನ್ನೇ ತೋರಿಸ್ತಿದೆ. ಆದರೆ ವಾರವಾರ ಕೀಲಿ ಕೊಡೋರ ಪಾಳಿಪಟ್ಟಿ ಈಗಲೇ ರೆಡಿಯಾಗಿದೆ. ಎರಡನೇ ವಾರಕ್ಕೆ ತಾತನ ಮೊಮ್ಮಗನ ಹೆಸರಿದೆ. ಚಾವಡಿ ಮೆಟ್ಟಿಲು ಅವನೇ ಹತ್ತಬೇಕು.