ದಾಳ ಬಿತ್ತು, ಮನಸ್ಸು ಯಾರದ್ದು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕತೆ ಕಟ್ಟುತ್ತಾರೆ. ಡಂಜನ್ ಮಾಸ್ಟರ್ ಆದವರು ಆ ಲೋಕವನ್ನು ನಡೆಸುತ್ತಾರೆ. ಮುಂದೇನಾಗುತ್ತದೆ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಮಾಂತ್ರಿಕನೊಬ್ಬ ನಿಮ್ಮ ಪಾತ್ರವನ್ನು ವಶ ಮಾಡಿಕೊಳ್ಳಲು ಬಂದರೆ ಇಪ್ಪತ್ತು ಮುಖದ ದಾಳ ಹಾಕಿ ತಪ್ಪಿಸಿಕೊಳ್ಳಲು ಒಂದು ಅವಕಾಶವಿದೆ. ಅದನ್ನು ಸೇವಿಂಗ್ ಥ್ರೋ ಎನ್ನುತ್ತಾರೆ. ಪುಣೆಯ ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ವಾದ ನಡೆದಿರುವುದು ಈ ಒಂದು ದಾಳದ ಮೇಲೆ.

ಇನ್ನೊಬ್ಬ ನನ್ನ ಮನಸ್ಸನ್ನು ಹಿಡಿಯಲು ಬಂದಾಗ ಅದನ್ನು ತಡೆಯುವುದು ಯಾವುದು? ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಮೂಲ ಆಟದಲ್ಲಿ ಉತ್ತರ ಅನುಭವ. ಪಾತ್ರ ಎಷ್ಟು ಹಂತ ಏರಿದೆ ಎಂಬುದರ ಮೇಲೆ ಬೇಕಾದ ಸಂಖ್ಯೆ ನಿಂತಿತ್ತು. 1978ರ ರೂನ್‌ಕ್ವೆಸ್ಟ್ ಇದನ್ನು ಸೆಣಸಾಟ ಮಾಡಿತು: ಇಬ್ಬರ ಶಕ್ತಿ ಸಮವಿದ್ದರೆ ಶೇಕಡಾ 50, ಒಂದೊಂದು ಅಂಕದ ವ್ಯತ್ಯಾಸಕ್ಕೆ ಶೇಕಡಾ 5 ಹೆಚ್ಚು ಅಥವಾ ಕಡಿಮೆ. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೇ ಆವೃತ್ತಿ 'ವಿಲ್' ಎಂಬ ಹೆಸರನ್ನೇ ಕೊಟ್ಟು, ಅದನ್ನು ಮಾಂತ್ರಿಕನ ಸಾಮರ್ಥ್ಯದ ಎದುರು ನಿಲ್ಲಿಸಿತು.

ಈ ಮೂರೂ ಲೆಕ್ಕ 'ಎಷ್ಟು ಬಲ' ಎಂದು ಕೇಳುತ್ತವೆ. 'ಏನು ಮಾಡಲು ಹೇಳುತ್ತಿದ್ದಾನೆ' ಎಂದು ಕೇಳುವುದಿಲ್ಲ. 2014ರ ಐದನೇ ಆವೃತ್ತಿಯ 'ಸಜೆಶನ್' ಮಂತ್ರದಲ್ಲಿ ಆ ಪ್ರಶ್ನೆ ಸ್ವಲ್ಪ ಇಣುಕುತ್ತದೆ. ಸಲಹೆ ಕೇಳಲು ಸಮಂಜಸವಾಗಿರಬೇಕು. ಎದ್ದು ಕಾಣುವಷ್ಟು ಹಾನಿಕರವಾದದ್ದನ್ನು ಹೇಳಿದರೆ ಮಂತ್ರ ಕಳಚಿಕೊಳ್ಳುತ್ತದೆ. ಆದರೆ ಪುಸ್ತಕ ಕೊಡುವ ಉದಾಹರಣೆಗಳೆಲ್ಲ ತನ್ನನ್ನು ತಾನೇ ಇರಿದುಕೊಳ್ಳುವ, ಸುಟ್ಟುಕೊಳ್ಳುವ ಬಗೆಯವು. 'ಡಾಮಿನೇಟ್ ಪರ್ಸನ್' ಮಂತ್ರಕ್ಕೆ ಸಿಕ್ಕವನಿಗೂ ಏಟು ಬಿದ್ದಾಗಲೆಲ್ಲ ಇನ್ನೊಂದು ದಾಳ ಸಿಗುತ್ತದೆ. ಅಂದರೆ ಮೈಗೆ ನೋವಾದರೆ ಎಚ್ಚರವಾಗಬಹುದು. ಗೆಳೆಯನ ಮೇಲೆ ಕತ್ತಿ ಎತ್ತಿದರೆ ಎಚ್ಚರವಾಗಬೇಕೆಂದಿಲ್ಲ.

ಇದು ನನಗೆ ಒಪ್ಪಿಗೆಯಾಗಲಿಲ್ಲ. ನಾವು ಎಲ್ಲದಕ್ಕೂ ಒಂದೇ ಸಮನಾಗಿ ಬಗ್ಗುವವರಲ್ಲ. ಪ್ರಾಜೆಕ್ಟ್ ರಿವ್ಯೂಗಳಲ್ಲಿ ಮೇಲಿನವರ ಒಂದು ಮಾತಿಗೆ ಕೆಂಪು ಸ್ಟೇಟಸ್ ಹಳದಿಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಬಣ್ಣ ಬದಲಿಸಿದ ಮನುಷ್ಯನೇ, ತಂಡದ ಹುಡುಗನೊಬ್ಬನ ಮೇಲೆ ಸುಳ್ಳು ದೂರು ಬರೆಯಲು ಹೇಳಿದಾಗ 'ಆಗಲ್ಲ ಸರ್' ಅಂದದ್ದನ್ನೂ ನೋಡಿದ್ದೇನೆ. ಅವನ ವಿಲ್ ಅಂಕ ಬದಲಾಗಿರಲಿಲ್ಲ. ಕೇಳಿದ ಕೆಲಸ ಬದಲಾಗಿತ್ತು.

ಅದಕ್ಕೇ ನಮ್ಮ ಮನೆ ನಿಯಮ: ಆಟ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಪಾತ್ರ ಏನೇ ಆದರೂ ಮಾಡದ ಮೂರು ಸಂಗತಿ ಬರೆಯಬೇಕು. ಮಂತ್ರ ಅದನ್ನೇ ಮಾಡಿಸಲು ಹೊರಟರೆ ಇನ್ನೊಮ್ಮೆ ದಾಳ, ಅದೂ ಎರಡು ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆದರೂ ಸೋಲಬಹುದು. ಸೋಲುವ ಭಯವಿಲ್ಲದಿದ್ದರೆ ಮಾಂತ್ರಿಕನಿಗೆ ಯಾರು ಹೆದರುತ್ತಾರೆ?

ಜಾಣರು 'ನಾನು ಯಾರ ಮಾತೂ ಕೇಳುವುದಿಲ್ಲ' ಎಂದು ಬರೆಯಬಹುದಲ್ಲ ಎಂದು ಕೇಳುತ್ತೀರಿ. ಅದಕ್ಕೆ ಎರಡು ಷರತ್ತು. ಬರೆದದ್ದು ನಿರ್ದಿಷ್ಟವಾಗಿರಬೇಕು. ಮತ್ತು ಮಂತ್ರದ ಒತ್ತಾಯವಿಲ್ಲದೆ, ಲಾಭಕ್ಕಾಗಿ ಪಾತ್ರವೇ ಅದನ್ನು ಮುರಿದರೆ ಆ ಸಾಲನ್ನು ಹೊಡೆದುಹಾಕುತ್ತೇವೆ. 'ಶರಣಾದವರನ್ನು ಕೊಲ್ಲುವುದಿಲ್ಲ' ಎಂದು ಬರೆದವನು ಒಂದು ಚೀಲ ಚಿನ್ನಕ್ಕೆ ಶರಣಾದವನನ್ನು ಕೊಂದರೆ, ಮುಂದೆ ಮಾಂತ್ರಿಕ ಅದನ್ನೇ ಮಾಡಿಸುವಾಗ ಆ ಸಾಲು ಕಾಯುವುದಿಲ್ಲ.

ದಾಳ ಸೋತ ಮೇಲಿನ ಪ್ರಶ್ನೆ ಇನ್ನೂ ಕಷ್ಟದ್ದು. ನಮ್ಮ ಆಟದಲ್ಲಿ ಗೆಳತಿಯೊಬ್ಬಳ ಯೋಧೆ ವಶಕ್ಕೆ ಸಿಕ್ಕು ಕೋಟೆ ಬಾಗಿಲು ತೆರೆದಳು, ಕಾವಲುಗಾರರು ಸತ್ತರು. ಮಂತ್ರ ಇಳಿದ ಮೇಲೆ ಗೆಳತಿ, ಸತ್ತವರ ಮನೆಗಳಿಗೆ ನನ್ನ ಪಾತ್ರ ಹೋಗಬೇಕು ಎಂದಳು. 'ನಾಲ್ಕು ಬಿತ್ತು, ನಿನ್ನ ತಪ್ಪೇನಿದೆ?' ಎಂದರು ಉಳಿದವರು. ಅರಿಸ್ಟಾಟಲ್ ಅವರ ಪರ ನಿಲ್ಲುತ್ತಿದ್ದ: ಕ್ರಿಯೆಯ ಮೂಲ ಹೊರಗಿದ್ದು, ಗಾಳಿ ಹೊತ್ತೊಯ್ದಂತೆ ಆದದ್ದು ಇಚ್ಛೆಯಿಂದ ಮಾಡಿದ್ದಲ್ಲ. ಆದರೆ ಬರ್ನಾರ್ಡ್ ವಿಲಿಯಮ್ಸ್ 1976ರ ಪ್ರಬಂಧವೊಂದರಲ್ಲಿ ಲಾರಿ ಚಾಲಕನ ಉದಾಹರಣೆ ಕೊಡುತ್ತಾರೆ. ತನ್ನದೇನೂ ತಪ್ಪಿಲ್ಲದೆ ಅವನ ಲಾರಿಗೆ ಮಗು ಸಿಕ್ಕಿ ಸತ್ತಿದೆ. ಅವನ ಸಂಕಟ ದಾರಿಹೋಕರ ಸಂಕಟದಂತಲ್ಲ. ನಾವು ಅವನನ್ನು ಸಮಾಧಾನ ಮಾಡುವುದು ಸರಿ. ಆದರೆ ಅವನು ತಕ್ಷಣ ಸಮಾಧಾನಗೊಂಡುಬಿಟ್ಟರೆ ನಮಗೇ ಅನುಮಾನ ಬರುತ್ತದೆ.

ಹಾಗಾಗಿ ಎರಡನೇ ನಿಯಮ: ವಶದಲ್ಲಿದ್ದಾಗ ಆದದ್ದಕ್ಕೆ ಯಾರೂ ಆ ಪಾತ್ರವನ್ನು ದಂಡಿಸುವಂತಿಲ್ಲ. ಆದರೆ ಆ ಪಾತ್ರ ತಾನಾಗಿ ಹೊತ್ತುಕೊಂಡ ಋಣವನ್ನು 'ಬೇಡ ಬಿಡು' ಎಂದು ಕಿತ್ತುಕೊಳ್ಳುವಂತೆಯೂ ಇಲ್ಲ. ಮುಂದಿನ ಮೂರು ಶನಿವಾರ ನಾವು ನಿಧಿಯ ಗುಹೆ ಬಿಟ್ಟು ಆ ಮನೆಗಳಿಗೇ ಹೋದೆವು.

ನಿಮ್ಮ ಮೇಜಿನಲ್ಲಿ ಬೇರೆ ನಿಯಮವಿದ್ದರೆ ಬರೆದು ತಿಳಿಸಿ. ಆಟ ಆಡದವರೂ ಒಮ್ಮೆ ಕೂತು ಆ ಮೂರು ಸಾಲು ಬರೆದು ನೋಡಬಹುದು. ಮೊದಲನೆಯದು ಸಲೀಸಾಗಿ ಬರುತ್ತದೆ. ನಮ್ಮ ಗುಂಪಿನಲ್ಲಿ ಮೂರನೆಯದಕ್ಕೆ ಎಲ್ಲರಿಗೂ ಅರ್ಧ ಗಂಟೆ ಹಿಡಿದಿದೆ.