ಭೂತ ಯಾರು, ಮನೆ ಯಾರದು?

ಭೂತದ ಕತೆ ಕೇಳುವಾಗ ನಾವು ಯಾವಾಗಲೂ ಮನೆಯವರ ಪಕ್ಷದಲ್ಲಿರುತ್ತೇವೆ. ಮಹಡಿಯ ಮೇಲೆ ಹೆಜ್ಜೆ ಸಪ್ಪಳವಾದರೆ ಬೆಚ್ಚುವವರು ಮನೆಯವರು, ಬೆಚ್ಚಿಸುವುದು ಭೂತ. ಈ ವಿಂಗಡಣೆ ಸರಿಯೇ ಎಂದು ನಾವು ಕೇಳಿಕೊಳ್ಳುವುದಿಲ್ಲ. 2001ರಲ್ಲಿ ಸ್ಪೇನಿನ ನಿರ್ದೇಶಕ ಅಲೆಹಾಂದ್ರೊ ಅಮೆನಾಬಾರ್ ಇಂಗ್ಲಿಷಿನಲ್ಲಿ ಮಾಡಿದ ‘ದಿ ಅದರ್ಸ್’ ಚಿತ್ರ ಆ ಪ್ರಶ್ನೆ ಕೇಳುತ್ತದೆ. ಹೆಸರಿನ ಅರ್ಥವೇ ‘ಇತರರು’.

ಕತೆ ನಡೆಯುವುದು 1945ರಲ್ಲಿ, ಜೆರ್ಸಿ ದ್ವೀಪದ ದೊಡ್ಡ ಬಂಗಲೆಯೊಂದರಲ್ಲಿ. 1940ರಿಂದ ಐದು ವರ್ಷ ಆ ದ್ವೀಪ ಜರ್ಮನ್ ಸೇನೆಯ ವಶದಲ್ಲಿತ್ತು. ಯುದ್ಧಕ್ಕೆ ಹೋದ ಗಂಡ ಮರಳಿಲ್ಲ. ಗ್ರೇಸ್ (ನಿಕೋಲ್ ಕಿಡ್‌ಮನ್) ಇಬ್ಬರು ಮಕ್ಕಳೊಂದಿಗಿದ್ದಾಳೆ. ಮಕ್ಕಳಿಗೆ ಬೆಳಕು ತಾಗಬಾರದು. ಆದ್ದರಿಂದ ಪರದೆಗಳೆಲ್ಲ ಮುಚ್ಚಿರಬೇಕು, ಒಂದು ಬಾಗಿಲಿಗೆ ಬೀಗ ಹಾಕದೆ ಇನ್ನೊಂದನ್ನು ತೆರೆಯಬಾರದು. ಒಬ್ಬ ನಾಜಿಯೂ ತನ್ನ ಹೊಸ್ತಿಲು ತುಳಿಯಲಿಲ್ಲ ಎಂಬ ಹೆಮ್ಮೆ ಆಕೆಗಿದೆ. ಆದರೆ ಈಗ ಯಾರೋ ಅಪರಿಚಿತರು ಮನೆಯಲ್ಲಿ ಓಡಾಡುತ್ತಿದ್ದಾರೆ. ಪಿಯಾನೊ ತಾನಾಗಿ ನುಡಿಯುತ್ತದೆ, ಪರದೆಗಳು ಮಾಯವಾಗುತ್ತವೆ. ಗ್ರೇಸ್ ಬಂದೂಕು ಹಿಡಿಯುತ್ತಾಳೆ.

ಕೊನೆಗೆ ತಿಳಿಯುತ್ತದೆ: ಆ ಅಪರಿಚಿತರು ಬದುಕಿರುವ ಒಂದು ಕುಟುಂಬ. ಸತ್ತವರು ಗ್ರೇಸ್ ಮತ್ತು ಮಕ್ಕಳು. ಮತಿಗೆಟ್ಟ ಒಂದು ಗಳಿಗೆಯಲ್ಲಿ ಆಕೆ ಮಕ್ಕಳನ್ನು ದಿಂಬಿನಿಂದ ಉಸಿರುಗಟ್ಟಿಸಿ ಕೊಂದು, ತಾನೂ ಗುಂಡು ಹಾರಿಸಿಕೊಂಡಿದ್ದಳು.

ಹಾಗಾದರೆ ಗ್ರೇಸ್ ಸುಳ್ಳುಗಾರ್ತಿಯೇ? ಅಲ್ಲ. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಿರುವುದೆಲ್ಲ ಮುಗ್ಧತೆಯಲ್ಲ. ಮಗಳು ‘ಆ ದಿನ’ದ ಮಾತೆತ್ತಿದಾಗ ಬಾಯಿ ಮುಚ್ಚಿಸುವವಳು ಇದೇ ತಾಯಿ. ತಿಳಿಯದೆ ಇರಲು ಆಕೆ ದಿನವೂ ದುಡಿಯುತ್ತಾಳೆ. ಆ ಪರದೆ, ಬೀಗಗಳು ಮಕ್ಕಳಿಗಿಂತ ಹೆಚ್ಚಾಗಿ ಆಕೆಯನ್ನೇ ಕಾಯುತ್ತಿದ್ದವು. ನಿಜ ಹೊರಬಿದ್ದ ಮೇಲೆ ನೋಡಿದರೆ, ಮಕ್ಕಳಿಗೆ ಬೆಳಕಿನಿಂದ ಏನೂ ಆಗುವುದಿಲ್ಲ.

ಆಕೆಯ ಹೆದರಿಕೆ ನಟನೆಯಲ್ಲ ಎಂದು ಯಾರಾದರೂ ಹೇಳಬಹುದು. ಒಪ್ಪೋಣ. ಹೆದರಿದವರೆಲ್ಲರ ಹೆದರಿಕೆಯೂ ನಿಜವೇ. ಆದರೆ ನನಗೆ ಭಯವಾಯಿತು ಎಂಬುದು ಎದುರಿಗಿರುವವನು ಭೂತ ಎಂಬುದಕ್ಕೆ ಸಾಕ್ಷಿಯಾಗದು. ಓಣಿಗೆ ಹೊಸಬರು ಬಂದರೆ ನಾವು ಕೂಡಲೇ ಬಾಗಿಲು ಹಾಕಿಕೊಳ್ಳುತ್ತೇವೆ. ಆ ಬಾಗಿಲಿನ ಆಚೆ ನಿಂತವನ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆಂದು ಯೋಚಿಸುವುದಿಲ್ಲ.

ಚಿತ್ರದ ಕೊನೆ ಇನ್ನೂ ಕಠಿಣವಾದದ್ದು. 1891ರಲ್ಲಿ ಕ್ಷಯದಿಂದ ಸತ್ತ ಮನೆಗೆಲಸದ ಮುದುಕಿ ಮಿಸೆಸ್ ಮಿಲ್ಸ್, ಸತ್ತವರೂ ಬದುಕಿರುವವರೂ ಒಟ್ಟಿಗೆ ಬಾಳುವುದನ್ನು ಕಲಿಯಬೇಕೆನ್ನುತ್ತಾಳೆ. ಗ್ರೇಸ್ ತನ್ನ ಅಪರಾಧವನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳುತ್ತಾಳೆ. ಆದರೂ ಮಕ್ಕಳನ್ನು ಅಪ್ಪಿಕೊಂಡು ಆಕೆ ಹೇಳುವುದು ಈ ಮನೆ ನಮ್ಮದೆಂದೇ. ಬದುಕಿರುವ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗುತ್ತದೆ.

ಸ್ವಂತ ತಪ್ಪನ್ನು ಒಪ್ಪಿಕೊಳ್ಳುವುದೇ ಮನುಷ್ಯನಿಗೆ ಕಷ್ಟ ಎಂದು ನಾವು ತಿಳಿದಿದ್ದೇವೆ. ಒಪ್ಪಿಕೊಂಡ ಮೇಲೆ ಇನ್ನೊಬ್ಬರಿಗೆ ಒಂದು ಕೋಣೆ ಬಿಟ್ಟುಕೊಡುವುದು ಅದಕ್ಕಿಂತ ಕಷ್ಟ. ಸ್ವಂತ ಮನೆಯೇ ಇಲ್ಲದ ಕೆಲಸದಾಕೆಗೆ ಹೊಳೆದದ್ದು ಮನೆಯೊಡತಿಗೆ ಹೊಳೆಯಲಿಲ್ಲ.